ಪೆನ್ಸಿಲ್ ಅಕ್ಷರ ನಿಂತ ಪುಟ

ಮಾತಿಗೆ ಬಾಯಿ ಬಿಡಲು ಹಿಂದೆಮುಂದೆ ನೋಡುವ ದಾನೇಶ್ವರಿ ಇಂಗ್ಲಿಷ್ ಪುಸ್ತಕ ಹಿಡಿದು ನಿಂತಳೆಂದರೆ ಇಡೀ ಹತ್ತನೇ ತರಗತಿ ಅವಳ ದನಿಯ ಹಿಂದೆ ಬರುತ್ತಿತ್ತು. ಯಲಬುರ್ಗಾ ಸೀಮೆಯ ಮಂಗಳೂರಿನ ಆ ಪ್ರೌಢಶಾಲೆಯಲ್ಲಿ ಅದು ಹಳೆಯ ರೂಢಿ. ಒಬ್ಬರು ಕರಿಹಲಗೆಯ ಪಕ್ಕ ನಿಂತು ಪಾಠದ ಒಂದೊಂದೇ ತುಣುಕು ಓದುವುದು, ಉಳಿದವರೆಲ್ಲ ಒಟ್ಟಿಗೆ ಅದನ್ನೇ ಹೇಳುವುದು. ನಿವೃತ್ತರಾದ ಹಳೆಯ ಸರ್ ಹಾಕಿಕೊಟ್ಟ ಪದ್ಧತಿ. ಅವರು ಹೋದರೂ ಪದ್ಧತಿ ಹೋಗಲಿಲ್ಲ. ಓದುವವಳು ನಿಂತಲ್ಲಿ ಎಲ್ಲರೂ ನಿಲ್ಲುತ್ತಿದ್ದರು, ಅವಳು ಎಳೆದಲ್ಲಿ ಎಲ್ಲರೂ ಎಳೆಯುತ್ತಿದ್ದರು. ಅರ್ಥವಾಯಿತೋ ಇಲ್ಲವೋ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ರಸ್ತೆಯಲ್ಲಿ ಹಾದುಹೋಗುವವರು ಆ ಗದ್ದಲ ಕೇಳಿ, "ಈ ವರ್ಷದ ಹುಡುಗ್ರು ಛಲೋ ಇಂಗ್ಲಿಷ್ ಕಲ್ತಾರ ನೋಡು" ಎಂದು ಮೆಚ್ಚಿಕೊಂಡು ಮುಂದೆ ಹೋಗುತ್ತಿದ್ದರು.

ಹಳೆಯ ಸರ್ ಜಾಗಕ್ಕೆ ಈ ವರ್ಷ ಮರ್ದಾನಸಾಬ ಸರ್ ಬಂದಿದ್ದರು. ಗಂಗಾವತಿ ಕಡೆಯವರು, ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದವರು. ಮೊದಲ ದಿನವೇ ಎಲ್ಲರನ್ನೂ ನಗಿಸಿದ್ದರು.

"ಮಂಗಳೂರಿಗೆ ವರ್ಗ ಆಗೇತಿ ಅಂದ ಕೂಡಲೇ ನಮ್ಮ ಮನಿಯಾಕಿ ಸಮುದ್ರ ನೋಡೋಣು ಅಂತ ಭಾಳ ಖುಷಿ ಆಗಿದ್ಲು. ಯಲಬುರ್ಗಾ ಬಸ್ಸಿನ್ಯಾಗ ಕೂಡಿಸಿಕೊಂಡು ಬಂದೆ. ಇಳಿದಾಕೀನ ನಾಕೂ ಕಡೆ ನೋಡಿದ್ಲು. ಬರೇ ಕರಿ ಮಣ್ಣಿನ ಎರಿ ಹೊಲ. ಅವತ್ತಿನಿಂದ ನನ್ನ ಕೂಡ ಸರಿ ಮಾತಾಡವಲ್ಲಳು."

ಹೊಸಬರಾದರೂ ಅವರು ಬಂದ ಕೂಡಲೇ ಏನನ್ನೂ ಬದಲಿಸಲಿಲ್ಲ. ಮಕ್ಕಳು ಓದುವಾಗ ಕಿಟಕಿಯ ಬಳಿ ಕೈಕಟ್ಟಿ ನಿಂತು ಕೇಳುತ್ತಿದ್ದರು. ಒಂದು ದಿನ ನಡುವೆಯೇ ಕೈ ಎತ್ತಿದರು.

"ನಿಲ್ಲಸ್ರಿ, ನಿಲ್ಲಸ್ರಿ. ಈಗ ಹೇಳಿದ ಸಾಲಿನ್ಯಾಗ ಒಂದು ಶಬ್ದ ಬಂತಲ್ಲ, ಅಲ್ಲಿ ಎಲ್ಲಾರೂ ದನಿ ಯಾಕ ಇಳಿಸಿದ್ರಿ?"

ತರಗತಿ ಮುಖ ಮುಖ ನೋಡಿಕೊಂಡಿತು. ಹಿಂದಿನ ಬೆಂಚಿನ ಸಿದ್ದೇಶ ಎದ್ದು ನಿಂತ.

"ಅಲ್ಲಿ ಹಂಗ ಓದಬೇಕ್ರಿ ಸರ್. ಅಲ್ಲಿ ಮೆಲ್ಲಕ."

"ಯಾರು ಹೇಳ್ಯಾರ?"

"ದಾನೇಶ್ವರಿ ಹಂಗ ಓದ್ತಾಳ್ರಿ. ನಾವೂ ಹಂಗ ಓದ್ತೀವ್ರಿ."

"ಮಲಗಿದ ಕೂಸಿನ ಮುಂದ ತುದಿಗಾಲಲೆ ಹಾದು ಹೋದಂಗ ಹೋಗ್ತೀರಲ್ಲೋ ಆ ಶಬ್ದದ ಮುಂದ!" ಎಂದು ಸರ್ ನಕ್ಕರು. ಆಮೇಲೆ ದಾನೇಶ್ವರಿಯ ಕಡೆ ತಿರುಗಿ, "ಯಾಕವಾ, ಅಲ್ಲಿ ಏನೈತಿ?" ಎಂದು ಕೇಳಿದರು.

ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನೆಲ ನೋಡಿದಳು. ಓದುವ ದನಿ ಬೇರೆ, ಮಾತಾಡುವ ದನಿ ಬೇರೆ. ಮೊದಲನೆಯದು ಅವಳ ಬಳಿ ಇತ್ತು. ಎರಡನೆಯದನ್ನು ಎಲ್ಲಿಂದ ತರಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. ಸರ್ "ಆತು, ಮುಂದ ಓದು" ಎಂದರು.

ಅಲ್ಲಿ ಇದ್ದದ್ದು ಒಂದು ಸೊನ್ನೆ. ಪೆನ್ಸಿಲಿನಲ್ಲಿ ಬರೆದ, ಜೋಳದ ಕಾಳಿನಷ್ಟು ಸಣ್ಣ ಸೊನ್ನೆ.

ಆ ಪುಸ್ತಕ ಅವಳ ಅಕ್ಕ ಭವಾನಿಯದು. ಇಂಗ್ಲಿಷ್ ಸಾಲುಗಳ ನೆತ್ತಿಯ ಮೇಲೆ ಕನ್ನಡ ಅಕ್ಷರದಲ್ಲಿ ಅದರ ಉಚ್ಚಾರ ಬರೆದುಕೊಳ್ಳುವುದು ಆ ಕಡೆಯ ಶಾಲೆಗಳಲ್ಲಿ ಹೊಸದೇನಲ್ಲ. ಅರ್ಧ ತರಗತಿಯ ಪುಸ್ತಕಗಳು ಹಾಗೆಯೇ ಇದ್ದವು. ಆದರೆ ಭವಾನಿ ಬರೆದಷ್ಟು ನೇರವಾಗಿ ಯಾರೂ ಬರೆದಿರಲಿಲ್ಲ. ಹೊಲಿಗೆ ಕಲಿತವಳ ಕೈ. ಅಕ್ಷರಗಳು ಹೊಲಿಗೆ ಯಂತ್ರ ಹಾಕಿದ ಟಾಕಿನ ಹಾಗೆ ಒಂದೇ ಅಂತರದಲ್ಲಿ ಓಡುತ್ತಿದ್ದವು. ತಾನು ಹತ್ತನೇ ತರಗತಿಯಲ್ಲಿದ್ದಾಗ ಪರೀಕ್ಷೆಗೆ ಬೇಕಾದ ಕೆಲವು ಪಾಠಗಳಿಗೆ ಮಾತ್ರ ಬರೆದಿದ್ದಳು. ಪಾಸಾಗಿ, ಮನೆಯಲ್ಲೇ ಊರಿನವರ ಕುಪ್ಪಸ ಲಂಗ ಹೊಲಿಯತೊಡಗಿದ ಮೇಲೆ, ಕೈಯಲ್ಲಿ ಬಟ್ಟೆ ಇಲ್ಲದ ಹೊತ್ತಿನಲ್ಲಿ ಯಂತ್ರದ ಹಲಗೆಯ ಮೇಲೆ ಪುಸ್ತಕ ಹರಡಿಕೊಂಡು ಉಳಿದ ಪಾಠಗಳಿಗೂ ಬರೆಯುತ್ತ ಬಂದಿದ್ದಳು. ಅದು ತಂಗಿಗಾಗಿ. ತನ್ನ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ್ದನ್ನು ನೆನಪು ಮಾಡಿಕೊಂಡು ಬಾಯಲ್ಲಿ ಗುನುಗುತ್ತ ಬರೆಯುತ್ತಿದ್ದಳು. ಆ ಗದ್ದಲದಲ್ಲಿ ಕಿವಿಗೆ ಸಿಗದೇ ಹೋದ ಶಬ್ದಗಳ ಮೇಲೆ ಸೊನ್ನೆ ಹಾಕುತ್ತಿದ್ದಳು.

"ಅಕ್ಕ, ಸೊನ್ನಿ ಬಂದಲ್ಲಿ ಏನಂತ ಓದ್ಲಿ?"

"ಏನರ ಗುನುಗು, ಉಗುಳು ನುಂಗು, ಮುಂದ ಹೋಗು. ನಮ್ಮ ಇಂಗ್ಲಿಷ್ ಸರ್ ಮಂದ ಕಿವಿಯವರು, ಗೊತ್ತಾಗಂಗಿಲ್ಲ."

"ಗೊತ್ತಾದ್ರ?"

"ನಂಗ ಗೊತ್ತಾದ ಮ್ಯಾಲ ಸೊನ್ನಿ ತುಂಬಿ ಕೊಡ್ತೀನಿ. ಈಗ ಸುಮ್ನ ಓದಲೇ, ತಲಿ ತಿನ್ನಬ್ಯಾಡ."

ತುಂಬಲು ಆಗಲಿಲ್ಲ. ದಾನೇಶ್ವರಿ ಒಂಬತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಭವಾನಿಗೆ ಕಾಮಾಲೆ ಬಂತು. ಒಂದು ಮಧ್ಯಾಹ್ನ, ಮೈ ಬಿಸಿ ಇದೆಯೆಂದು ಪೆನ್ಸಿಲನ್ನು ಪುಸ್ತಕದೊಳಗಿಟ್ಟು ಮಲಗಿದವಳು ಮತ್ತೆ ಯಂತ್ರದ ಮುಂದೆ ಕೂಡಲಿಲ್ಲ. ಸೊಪ್ಪಿನ ಔಷಧಿ ಆಯಿತು, ಆಮೇಲೆ ಕೊಪ್ಪಳದ ದವಾಖಾನೆ ಆಯಿತು. ಶಾಲೆ ಶುರುವಾಗುವ ಹೊತ್ತಿಗೆ ಹೊಲಿಗೆ ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿದ್ದರು.

ಹೀಗಾಗಿ ದಾನೇಶ್ವರಿ ತರಗತಿಯಲ್ಲಿ ಓದುವಾಗ ಓದುತ್ತಿದ್ದುದು ಇಂಗ್ಲಿಷನ್ನಲ್ಲ, ಅಕ್ಕನನ್ನು. ಇಂಗ್ಲಿಷ್ ಅಕ್ಷರ ಅವಳಿಗೆ ಬರುತ್ತಿರಲಿಲ್ಲವೆಂದಲ್ಲ. ಆದರೆ ಮೇಲಿನ ಸಾಲು ಅಷ್ಟು ಸಲೀಸಾಗಿ ಕೈ ಹಿಡಿದು ನಡೆಸುತ್ತಿರುವಾಗ ಕಣ್ಣು ಕೆಳಗಿನ ಸಾಲಿಗೆ ಇಳಿಯುತ್ತಲೇ ಇರಲಿಲ್ಲ. ಸೊನ್ನೆ ಬಂದಲ್ಲಿ ದನಿ ತಗ್ಗುತ್ತಿತ್ತು. ಅವಳ ಹಿಂದೆ ಇಡೀ ತರಗತಿಯ ದನಿ ತಗ್ಗುತ್ತಿತ್ತು. ಹಾಗೆ ಎಲ್ಲರೂ ಒಟ್ಟಿಗೆ ತಗ್ಗಿದ ಕ್ಷಣದಲ್ಲಿ ಅವಳಿಗೆ ಒಳಗೆ ಏನೋ ತಂಪಾಗುತ್ತಿತ್ತು. ಅಕ್ಕನಿಗೆ ಗೊತ್ತಿರದ ಜಾಗವನ್ನು ಇಷ್ಟು ಜನ ಕಾಪಾಡುತ್ತಿದ್ದಾರೆ, ಅವರಿಗೇ ತಿಳಿಯದಂತೆ.

ಮನೆಯಲ್ಲೂ ಓದಬೇಕಿತ್ತು. ಸಂಜೆ ಅವ್ವ ಬಸವಣ್ಣೆಮ್ಮ ರೊಟ್ಟಿ ಬಡಿಯಲು ಕೂತಾಗ, "ಓದವ್ವಾ" ಎನ್ನುತ್ತಿದ್ದಳು. ಅವಳಿಗೆ ಕನ್ನಡವೇ ಓದಲು ಬಾರದು, ಇಂಗ್ಲಿಷ್ ಎಲ್ಲಿಯದು. ಆದರೂ ಭವಾನಿ ಇದೇ ಪಾಠಗಳನ್ನು ಇದೇ ಒಲೆಯ ಮುಂದೆ ಓದುತ್ತಿದ್ದಳು. ಅದರ ಏರಿಳಿತ ಅವ್ವನ ಕಿವಿಯಲ್ಲಿ ಕೂತುಬಿಟ್ಟಿತ್ತು. ಸೊನ್ನೆ ಬರುವುದಕ್ಕೆ ಮುಂಚೆಯೇ ರೊಟ್ಟಿಯ ಮೇಲಿನ ಅವಳ ಕೈ ಹಗುರಾಗುತ್ತಿತ್ತು.

"ಕಣ್ಣ ಮುಚ್ಚಿಕೊಂಡ್ರ ಆಕೀನ ಓದಿದಂಗ ಆಕ್ಕೈತಿ" ಎಂದು ಒಮ್ಮೆ ಹೇಳಿದಳು. ಹಿಟ್ಟಿನ ಗಿರಣಿಯಿಂದ ಮೈತುಂಬ ಬಿಳಿ ಹಚ್ಚಿಕೊಂಡು ಬಂದ ಅಪ್ಪ ಅಂದಪ್ಪ ಮಾತ್ರ ಓದು ಶುರುವಾದೊಡನೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಹೋಗಿಬಿಡುತ್ತಿದ್ದ. ಅವನಿಗೆ ಅದನ್ನು ಕೇಳಲು ಆಗುತ್ತಿರಲಿಲ್ಲ, ಅವ್ವನಿಗೆ ಕೇಳದೇ ಇರಲು ಆಗುತ್ತಿರಲಿಲ್ಲ. ನಡುವೆ ಪುಸ್ತಕ ಹಿಡಿದವಳು ದಾನೇಶ್ವರಿ.

ಪಾಠಗಳು ಒಂದೊಂದಾಗಿ ಮುಗಿಯುತ್ತಿದ್ದವು. ಹಿಮ ಬೀಳುವ ಊರಿನ ಅಂಚೆಯವನೊಬ್ಬನ ಪಾಠದಲ್ಲಿ, ಎರಡನೇ ಪುಟದ ನಡುವೆ, ಒಂದು ಸಾಲಿನ ಅರ್ಧಕ್ಕೆ ಪೆನ್ಸಿಲ್ ಅಕ್ಷರ ನಿಂತುಬಿಟ್ಟಿತ್ತು. ಕೊನೆಯ ಅಕ್ಷರಕ್ಕೆ ಕೊಂಬನ್ನೂ ಕೊಟ್ಟಿರಲಿಲ್ಲ. ಅಲ್ಲಿಂದ ಮುಂದೆ ಪುಟವೆಲ್ಲ ಖಾಲಿ. ಬರೀ ಅಚ್ಚಾದ ಇಂಗ್ಲಿಷ್, ನೆರಳಿಲ್ಲದ ದಾರಿಯ ಹಾಗೆ. ಆ ಪಾಠ ಬಂದ ದಿನ ತನಗೆ ಓದಲು ಬಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಹೆದರಿಕೆ ಇತ್ತು. ಆದರೆ ಅದು ಮೇಲಿನ ಹೆದರಿಕೆ. ಅದರ ಕೆಳಗೆ ಇನ್ನೊಂದಿತ್ತು. ಆ ಸಾಲು ದಾಟಿದರೆ ಅಕ್ಕ ಹಿಂದೆ ಉಳಿಯುತ್ತಾಳೆ.

ಒಂದೇ ಬೆಂಚಿನ ಗೆಳತಿ ನಾಹೀದಾಗೆ ಮಾತ್ರ ಇದು ಗೊತ್ತಿತ್ತು. ಊಟದ ಬಿಡುವಿನಲ್ಲಿ ಅವಳು ಪುಸ್ತಕ ಕಸಿದುಕೊಂಡು ನೋಡಿದಳು.

"ಇಷ್ಟಕ್ಕ ಹಿಂಗ್ಯಾಕ ಸಾಯ್ತಿ? ತಾ ಇಲ್ಲೆ, ಮುಂದಿಂದು ನಾ ಬರದು ಕೊಡ್ತೀನಿ. ನಮ್ಮ ಅಣ್ಣಗ ಎಲ್ಲಾ ಬರತೈತಿ, ಕೇಳಿ ಬರೀತೀನಿ."

"ಬ್ಯಾಡ."

"ನನ್ನ ಅಕ್ಷರ ಕೆಟ್ಟ ಅದಾವಂತೇನು?"

"ಅದಕ್ಕಲ್ಲ."

"ಮತ್ಯಾಕ?"

ದಾನೇಶ್ವರಿ ಪುಸ್ತಕಕ್ಕೆ ಕೈ ಚಾಚಿದಳು. ಅಕ್ಕನ ಅಕ್ಷರದ ಬೆನ್ನಿಗೆ ಇನ್ನೊಬ್ಬರ ಅಕ್ಷರ ಬಂದು ಕೂಡುವುದನ್ನು ನೆನೆಸಿದರೆ ಅವಳಿಗೆ ಸೇರುತ್ತಿರಲಿಲ್ಲ. ನಾಹೀದಾ ಅವಳ ಮುಖ ನೋಡಿ ಪುಸ್ತಕ ಮುಚ್ಚಿ ಕೊಟ್ಟಳು.

"ಮುದುಕಿಗತೆ ಮುಖ ಮಾಡಬ್ಯಾಡ. ರೊಟ್ಟಿಗೆ ಶೇಂಗಾ ಹಿಂಡಿ ತಂದೀನಿ, ತಿನ್ನು."

ಆ ವಾರವೇ ಮರ್ದಾನಸಾಬ ಸರ್ ಒಂದು ಹೊಸ ಕೆಲಸ ತೆಗೆದರು. ಎಲ್ಲರೂ ಎದ್ದು ನಿಂತು ತಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಬೇಕು.

"ಎಂಟನೇತ್ತಿಗೆ ಬಂದಾಗ ಹೆಂಗಿದ್ರಿ, ಈಗ ಹೆಂಗ ಅದೀರಿ? ನಿಮ್ಮೊಳಗ ಏನು ಬೆಳದೈತಿ? ಅಷ್ಟ ಹೇಳ್ರಿ. ಗೈಡ್ ನೋಡಿ ಬಾಯಿಪಾಠ ಮಾಡಿ ಬಂದ್ರ ಮುಖ ನೋಡಿ ಗುರ್ತ ಹಿಡೀತೀನಿ."

ಸಿದ್ದೇಶ ಮೊದಲು ಎದ್ದ. "ಮೀಸಿ ಬೆಳದಾವ್ರಿ ಸರ್."

"ಇಂಗ್ಲಿಷಿನ್ಯಾಗ ಹೇಳಪಾ."

"ಮೀಸಿಗೆ ಇಂಗ್ಲಿಷಿನ್ಯಾಗ ಏನಂತಾರ್ರಿ?"

"ಇರೂ ನಾಕು ಕೂದಲಕ್ಕ ಇಂಗ್ಲಿಷ್ ಬ್ಯಾರೆ ಬೇಕು ಇವಂಗ" ಎಂದು ನಾಹೀದಾ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ತರಗತಿ ನಕ್ಕಿತು.

ಆಮೇಲೆ ಎದ್ದವರೆಲ್ಲ ಗೈಡಿನ ಮಕ್ಕಳೇ. ತಾನು ಡಾಕ್ಟರಾಗಿ ಬಡವರ ಸೇವೆ ಮಾಡುತ್ತೇನೆಂದು ಒಬ್ಬ, ತಾನೂ ಅದನ್ನೇ ಮಾಡುತ್ತೇನೆಂದು ಇನ್ನೊಬ್ಬ. "ಮುಂದ ಯಲಬುರ್ಗಾ ತಾಲೂಕಿನ್ಯಾಗ ಪೇಷಂಟಿಗಿಂತ ಡಾಕ್ಟರ ಹೆಚ್ಚಾಕ್ಕಾರ" ಎಂದು ಸರ್ ನಿಟ್ಟುಸಿರುಬಿಟ್ಟರು. ದಾನೇಶ್ವರಿಯ ಸರದಿ ಬಂದಾಗ ಅವಳು ಎದ್ದು ನಿಂತಳು. ತುಟಿ ಅಲ್ಲಾಡಿತು. ದನಿ ಬರಲಿಲ್ಲ.

"ಇರ್ಲಿ ಕೂಡು. ನಿಂದು ಬಾಕಿ ಐತಿ. ಯಾವತ್ತು ಅನಸ್ತೈತಿ ಅವತ್ತ ಹೇಳು."

ಕೂತ ಮೇಲೆ ಅವಳು ಅದನ್ನೇ ಯೋಚಿಸುತ್ತಿದ್ದಳು. ಎಂಟನೇ ತರಗತಿಗೆ ಬಂದಾಗ ಅಕ್ಕ ಶಾಲೆಯ ಗೇಟಿನ ತನಕ ಜೊತೆಗೆ ಬಂದಿದ್ದಳು. ಒಂಬತ್ತಕ್ಕೆ ಬಂದಾಗ ಈ ಯೂನಿಫಾರ್ಮ್ ಹೊಲಿದು ಕೊಟ್ಟಿದ್ದಳು. ಈಗ? ಕಣ್ಣು ತನ್ನ ಚೂಡಿದಾರದ ಅಂಚಿಗೆ ಹೋಯಿತು. ಮೇಲೆಲ್ಲ ಒಗೆದು ಒಗೆದು ಮಾಸಿದ ನೀಲಿ. ಕೆಳಗೆ ನಾಲ್ಕು ಬೆರಳಿನಷ್ಟು ಮಾತ್ರ ಹೊಚ್ಚ ಹೊಸ ನೀಲಿ. ಹೊಲಿಯುವಾಗ ಅಕ್ಕ ಅಷ್ಟು ಬಟ್ಟೆಯನ್ನು ಒಳಗೆ ಮಡಚಿ ಇಟ್ಟಿದ್ದಳು. ಈ ವರ್ಷದ ಬಟ್ಟೆ ಇನ್ನೂ ಬಂದಿರಲಿಲ್ಲ, ಹಳೆಯದು ಗಿಡ್ಡವಾಗಿತ್ತು. ಶಾಲೆ ಶುರುವಾಗುವ ಹಿಂದಿನ ದಿನ ಅವ್ವ ಬ್ಲೇಡು ಹಿಡಿದುಕೊಂಡು ಆ ಹೊಲಿಗೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಮಗಳು ಹಾಕಿದ ಟಾಕು. ಕತ್ತರಿಸಿದರೆ ಹೋಯಿತು. ಕೊನೆಗೆ ಒಂದೊಂದೇ ಬಿಚ್ಚಿದಳು. "ಬಿಚ್ಚಾಕಂತ್ಲೇ ಇಟ್ಟಾಳಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು.

ಅಂಚೆಯವನ ಪಾಠ ಒಂದು ಸೋಮವಾರ ಬಂತು.

"ಹಿಮ ಅಂದ್ರ ಏನು ಗೊತ್ತದನ?" ಎಂದು ಸರ್ ಕೇಳಿದರು.

"ಫ್ರಿಜ್ಜಿನ್ಯಾಗ ಇರತೈತಲ್ರಿ, ಅದು" ಎಂದ ಸಿದ್ದೇಶ.

"ನಿಮ್ಮ ಮನ್ಯಾಗ ಫ್ರಿಜ್ ಐತೇನು?"

"ಇಲ್ರಿ. ತಂಪು ಸೋಡಾದ ಅಂಗಡ್ಯಾಗ ನೋಡೀನ್ರಿ."

ನಗು ನಿಂತ ಮೇಲೆ ದಾನೇಶ್ವರಿ ಕರಿಹಲಗೆಯ ಪಕ್ಕ ನಿಂತಳು. ಮೊದಲ ಪುಟ ಸಲೀಸಾಗಿ ಹೋಯಿತು. ಎರಡು ಕಡೆ ಸೊನ್ನೆ ಬಂತು, ಎರಡು ಕಡೆ ತರಗತಿ ದನಿ ತಗ್ಗಿಸಿತು. ಪುಟ ತಿರುವಿದಳು. ಅಂಚೆಯವನು ಚೀಲ ಹೊತ್ತು ಬೆಟ್ಟ ಹತ್ತುತ್ತಿದ್ದ. ಅವನು ಒಂದು ಬಾಗಿಲ ಮುಂದೆ ನಿಂತು ಕೈ ಎತ್ತಿದ. ಅಲ್ಲಿಗೆ ಅಕ್ಕನ ಅಕ್ಷರ ನಿಂತಿತು. ದಾನೇಶ್ವರಿಯೂ ನಿಂತಳು. ತರಗತಿ ಆ ಅರ್ಧ ಸಾಲನ್ನು ಕೂಗಿ ಹೇಳಿ, ಮುಂದಿನ ತುಣುಕಿಗೆ ಕಾಯಿತು.

ದಾನೇಶ್ವರಿ ಖಾಲಿ ಸಾಲಿನ ಮೇಲೆ ಕಣ್ಣಿಟ್ಟು ನಿಂತೇ ಇದ್ದಳು.

"ಬ್ಯಾಟ್ರಿ ಮುಗೀತ್ರಿ ಸರ್" ಎಂದ ಸಿದ್ದೇಶ. ಕೆಲವರು ನಕ್ಕರು.

ಸರ್ ಹತ್ತಿರ ಬಂದು ಪುಸ್ತಕದೊಳಗೆ ಇಣುಕಿದರು. ಪೆನ್ಸಿಲ್ ಸಾಲುಗಳನ್ನು, ಸೊನ್ನೆಗಳನ್ನು, ಅವು ನಿಂತ ಜಾಗವನ್ನು ನೋಡಿದರು. ದನಿ ಯಾಕೆ ಇಳಿಯುತ್ತಿತ್ತೆಂದು ಅವರಿಗೆ ಆಗ ಹೊಳೆದಿರಬೇಕು, ಮುಖದಲ್ಲಿ ನಗು ಮೂಡಿತು.

"ಓಹೋ, ಇದನ ಗುಟ್ಟು? ಯಾರು ಬರದು ಕೊಟ್ಟಾರಿದು?"

"ಅಕ್ಕರಿ ಸರ್."

"ಛಲೋ ಅಕ್ಷರ ಅದಾವ. ಹಂಗಾರ ಮುಂದಿಂದು ನಾಳೆ ಅಕ್ಕನ ಕಡೆ ಬರಿಸಿಕೊಂಡು ಬಾ, ಓದೀಯಂತ."

ಮುಂದಿನ ಬೆಂಚಿನವರು ತಲೆ ತಗ್ಗಿಸಿದರು. ಸಿದ್ದೇಶ ಎದ್ದುನಿಂತವನು ಹಾಗೇ ಕೂತ. ಊರಿಗೆಲ್ಲ ಗೊತ್ತಿದ್ದದ್ದು ಈ ವರ್ಷ ಬಂದ ಸರ್‌ಗೆ ಗೊತ್ತಿರಲಿಲ್ಲ.

ನಾಹೀದಾ ಎದ್ದಳು. "ಸರ್, ಆಕಿ ಅಕ್ಕ ತೀರ್ಕೊಂಡಾಳ್ರಿ. ಹ್ವಾದ ಬ್ಯಾಸಗ್ಯಾಗ."

ಮರ್ದಾನಸಾಬ ಸರ್ ಕನ್ನಡಕ ತೆಗೆದರು. ಮುಂದಿನ ಬೆಂಚಿನ ತುದಿಯಲ್ಲಿ, ಮಕ್ಕಳು ಸರಿದು ಕೊಟ್ಟ ಜಾಗದಲ್ಲಿ ಕೂತರು.

"ನಂಗ ಗೊತ್ತಿರಲಿಲ್ಲವಾ" ಎಂದರು. ಕನ್ನಡಕವನ್ನು ಮಡಚಿ ಮತ್ತೆ, "ಗೊತ್ತಿರಲಿಲ್ಲ. ತಪ್ಪಾತು. ನೀ ಇನ್ನ ಓದಬೇಕಂತಿಲ್ಲ. ನಾಳಿಂದ ಬ್ಯಾರೆ ಯಾರರ ಓದ್ಲಿ."

ಗಂಟೆ ಬಾರಿಸುವ ತನಕ ಆ ಪಾಠ ಮುಂದುವರಿಯಲಿಲ್ಲ.

ಸುದ್ದಿ ದಾನೇಶ್ವರಿಗಿಂತ ಮೊದಲೇ ಮನೆ ಮುಟ್ಟಿತ್ತು. ನಾಹೀದಾಳ ತಾಯಿ ತಾಜಬೀ ಹಿಟ್ಟು ಬೀಸಿಸಲು ಗಿರಣಿಗೆ ಹೋಗುವಾಗ ಹೇಳಿಹೋಗಿದ್ದಳು. ಅವ್ವ ಒಲೆಯ ಮುಂದೆ ಕೂತಿದ್ದವಳು ಕೈಯ ಹಿಟ್ಟು ಒರೆಸಿಕೊಂಡಳು.

"ಎಲ್ಲಿಗೆ ನಿಂತೈತಿ, ತೋರ್ಸು."

ಮಗಳು ಪುಟ ತೆಗೆದು ಬೆರಳಿಟ್ಟಳು. ಅವ್ವ ಆ ಅರ್ಧ ಸಾಲಿನ ಮೇಲೆ ತನ್ನ ಬೆರಳು ಆಡಿಸಿದಳು, ಆಮೇಲೆ ಖಾಲಿ ಜಾಗದ ಮೇಲೆ. ಓದಲು ಬಾರದ ಬೆರಳಿಗೂ ವ್ಯತ್ಯಾಸ ತಿಳಿಯಿತು.

"ಇದರ ಮ್ಯಾಲ ಏನೂ ಇಲ್ಲಲ್ಲ."

"ಇಲ್ಲಬೇ."

"ಪೂರಾ ಬರದಾಳ ಅನ್ಕೊಂಡಿದ್ದೆ." ಅವ್ವ ಪುಸ್ತಕ ಮುಚ್ಚಲಿಲ್ಲ. ಹಿಂದಕ್ಕೆ ಹಿಂದಕ್ಕೆ ಮಗುಚುತ್ತ ಪೆನ್ಸಿಲ್ ತುಂಬಿದ ಪುಟಗಳಿಗೆ ಹೋದಳು. "ಮೊದಲಿನಿಂದ ಓದು. ಇದಿಷ್ಟ ಸಾಕು ನಮಗ. ಮುಂದಿಂದು ಏನು ಮಾಡೂದೈತಿ?"

ದಾನೇಶ್ವರಿ ಮೊದಲಿನಿಂದ ಓದಿದಳು. ಅವ್ವನ ಕೈ ರೊಟ್ಟಿಯ ಮೇಲೆ ಹಗುರಾಗುವಲ್ಲಿ ಹಗುರಾಯಿತು. ಹಾಗೆ ಓದುತ್ತಿದ್ದಾಗ ಅವಳಿಗೆ ಒಂದು ಯೋಚನೆ ಬಂತು. ನಾಳೆಯೂ ಇದನ್ನೇ ಓದುತ್ತೇನೆ, ನಾಡಿದ್ದೂ ಇದನ್ನೇ. ಪರೀಕ್ಷೆ ಬಂದು ಹೋಗುತ್ತದೆ. ನಾಹೀದಾ ಕುಕನೂರಿನ ಕಾಲೇಜಿಗೆ ಹೋಗುತ್ತಾಳೆ. ತಾನು ಮಾತ್ರ ಈ ಒಲೆಯ ಮುಂದೆ, ಇದೇ ಪುಟಗಳಲ್ಲಿ, ಅಂಚೆಯವನು ಕೈ ಎತ್ತಿ ನಿಂತ ಬಾಗಿಲ ಮುಂದೆ. ಒಳಗೆ ಯಾರಿದ್ದರು? ಅವನು ಯಾರಿಗೆ ಏನು ತಂದಿದ್ದ? ಇಷ್ಟು ದಿನ ಓದಿದರೂ ಪಾಠದಲ್ಲಿ ಮುಂದೇನಾಗುತ್ತದೆಂದು ತನಗೆ ತಿಳಿಯಬೇಕೆನಿಸಿರಲಿಲ್ಲ. ಈಗ ಅನಿಸಿತು. ಅದು ಅವಳಿಗೇ ಹೊಸದಾಗಿತ್ತು. ಅಕ್ಕನಿಗೂ ತಿಳಿದಿರಲಿಲ್ಲವೇನೋ. ಇದ್ದರೂ, ಹೇಳಲು ಅವಳಿಲ್ಲ.

ಅವ್ವ ನೀರು ತರಲು ಹೊರಗೆ ಹೋದಾಗ ಅವಳು ಆ ಪುಟಕ್ಕೆ ಬಂದಳು. ಖಾಲಿ ಸಾಲಿನ ಮೇಲೆ ಬೆರಳಿಟ್ಟಳು. ಸಣ್ಣ ಪದಗಳು ತಾವಾಗಿಯೇ ಬಾಯಿಗೆ ಬಂದವು. ದೊಡ್ಡ ಪದವೊಂದು ಅಡ್ಡ ನಿಂತಿತು. ದನಿ ತಗ್ಗಿಸಿ ದಾಟಬಹುದಿತ್ತು. ದಾಟಲು ಅಲ್ಲಿ ಸೊನ್ನೆ ಇರಲಿಲ್ಲ.

ಮರುದಿನ ಸರ್ ಪುಸ್ತಕ ತೆರೆದು, ಯಾರ ಕಡೆಗೂ ನೋಡದೆ, "ಇವತ್ತು ಯಾರು ಓದ್ತೀರಿ?" ಎಂದರು.

"ನಾಹೀದಾ ಓದ್ಲಿ ತೊಗೋರಿ" ಎಂದ ಸಿದ್ದೇಶ. ಎಂದಿನ ಕೀಟಲೆ ಅವನ ದನಿಯಲ್ಲಿ ಇರಲಿಲ್ಲ. ನಾಹೀದಾ ಏಳಲು ಹೋದಳು. ಪಕ್ಕದಲ್ಲಿ ದಾನೇಶ್ವರಿ ಅವಳ ತೋಳು ಹಿಡಿದು ಕೂಡಿಸಿ, ತಾನು ಎದ್ದಳು. ಕರಿಹಲಗೆಯ ತನಕ ನಡೆದಳು. ಅರ್ಧಕ್ಕೆ ನಿಂತ ಸಾಲನ್ನು ಅಕ್ಕನ ಅಕ್ಷರದಲ್ಲೇ ಓದಿದಳು. ತರಗತಿ ಹೇಳಿತು. ಆಮೇಲೆ ಕಣ್ಣನ್ನು ಕೆಳಗಿಳಿಸಿದಳು.

ಒಂದು ಪದ. ಎರಡು. ನಡುವೆ ಉಸಿರು. ಓದುವವಳ ದನಿ ಅದಲ್ಲ. ಹೊಸದಾಗಿ ಸೈಕಲ್ ಹತ್ತಿದವರ ಹ್ಯಾಂಡಲಿನ ಹಾಗೆ ಅತ್ತ ಇತ್ತ ಹೊಯ್ದಾಡುವ ದನಿ. ತರಗತಿಯೂ ಹಾಗೇ ಹೊಯ್ದಾಡುತ್ತ ಹಿಂದೆ ಬಂತು. ದೊಡ್ಡ ಪದ ಬಂದಲ್ಲಿ ಅವಳು ನಿಂತಳು. ದನಿ ತಾನಾಗಿ ತಗ್ಗಲು ಹೊರಟಿತು. ಅವಳು ಅದನ್ನು ತಡೆದು, ಎಲ್ಲರಿಗೂ ಕೇಳುವಂತೆ ಕೇಳಿದಳು.

"ಇದು ಹೆಂಗ್ರಿ ಸರ್?"

"ಇದು ಹೆಂಗ್ರಿ ಸರ್?" ಎಂದು ಇಡೀ ತರಗತಿ ಒಟ್ಟಿಗೆ ಕೂಗಿತು.

ಅವಳು ಹೇಳಿದ್ದನ್ನೆಲ್ಲ ಹೇಳಿ ಹೇಳಿ ಅವರಿಗೆ ರೂಢಿಯಾಗಿತ್ತು. ಏನು ಕೂಗಿದೆವೆಂದು ತಿಳಿಯಲು ಅವರಿಗೇ ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಸಿದ್ದೇಶ ಬೆಂಚಿನ ಮೇಲೆ ತಲೆ ಇಟ್ಟು ನಕ್ಕ. ನಾಹೀದಾ ದುಪಟ್ಟಾ ಬಾಯಿಗಿಟ್ಟುಕೊಂಡಳು. ಮರ್ದಾನಸಾಬ ಸರ್ ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆ ಒರೆಸುವುದು ನಗು ನಿಂತ ಮೇಲೂ ಸ್ವಲ್ಪ ಹೊತ್ತು ನಡೆಯಿತು. ದಾನೇಶ್ವರಿಯ ತುಟಿಯೂ ಬಿರಿಯಿತು. ಬೇಸಿಗೆಯಿಂದ ಈಚೆಗೆ ತರಗತಿಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಸರ್ ಆ ಪದವನ್ನು ಹೇಳಿಕೊಟ್ಟರು. ಅವಳು ಹೇಳಿದಳು, ತರಗತಿ ಹೇಳಿತು. ಅಲ್ಲಿಂದ ಮುಂದೆ ಅವಳು ತಡೆದಲ್ಲೆಲ್ಲ ಕೇಳಿದಳು. ಅವರೂ ಬಿಡದೆ ಕೂಗಿದರು. ಮೊದಮೊದಲು ತಮಾಷೆಗೆ, ಬರಬರುತ್ತ ನಿಜವಾಗಿಯೇ ಕೇಳುವವರ ಹಾಗೆ. ಎಷ್ಟೋ ವರ್ಷದಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳದೆ ದಾಟಿ ಬಂದಿದ್ದ ಆ ಕೋಣೆಯಲ್ಲಿ ಅಂದು ಒಂದು ಪುಟ ಮುಗಿಯುವುದಕ್ಕೆ ಇಡೀ ಪೀರಿಯಡ್ ಹಿಡಿಯಿತು. ಪಾಠದಲ್ಲಿ ಬಾಗಿಲು ತೆರೆಯಿತು. ಒಳಗೆ ಒಬ್ಬ ಹೆಂಗಸು ಇದ್ದಳು. ಅಂಚೆಯವನು ಅವಳಿಗೆ ಏನನ್ನೂ ತಂದಿರಲಿಲ್ಲ. ಚಳಿಗೆ ಒಂದಿಷ್ಟು ಹೊತ್ತು ಒಲೆಯ ಬಳಿ ಕೂಡಲು ಬಂದಿದ್ದ. ಅಷ್ಟೇ.

ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ದಾನೇಶ್ವರಿ ತನ್ನ ಜಾಗಕ್ಕೆ ಹೋಗಲಿಲ್ಲ.

"ಸರ್, ನಂದೊಂದು ಬಾಕಿ ಐತ್ರಿ."

ಸರ್‌ಗೆ ಮೊದಲು ನೆನಪಾಗಲಿಲ್ಲ. ಆಮೇಲೆ ತಲೆಯಾಡಿಸಿದರು. ಅವಳು ಚೂಡಿದಾರದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಆ ಹೊಸ ನೀಲಿ ಎಲ್ಲರಿಗೂ ಕಾಣುವಂತೆ ಸ್ವಲ್ಪ ಎತ್ತಿದಳು. ತನಗೆ ಬರುವಷ್ಟೇ ಇಂಗ್ಲಿಷಿನಲ್ಲಿ, ಒಂದೊಂದು ಪದಕ್ಕೂ ನಿಂತು, ನನ್ನ ಅಕ್ಕ ಇಷ್ಟು ಬಟ್ಟೆ ಒಳಗೆ ಇಟ್ಟಿದ್ದಳು, ಈಗ ಅದು ಹೊರಗೆ ಬಂದಿದೆ ಎಂದು ಹೇಳಿದಳು.

ಈ ಸಲ ಯಾರೂ ಹಿಂದೆ ಹೇಳಲಿಲ್ಲ.

ಸಂಜೆ ಅವ್ವ ಹಿಟ್ಟು ನಾದತೊಡಗಿದಾಗ ಅವಳು ಕೇಳುವ ಮೊದಲೇ ದಾನೇಶ್ವರಿ ಪುಸ್ತಕ ತೆಗೆದಳು. ಇಂದು ಓದಿದ ಪುಟವನ್ನು ಓದಿದಳು. ಅಲ್ಲಲ್ಲಿ ಎಡವಿದಳು, ಹಿಂದಕ್ಕೆ ಹೋಗಿ ಮತ್ತೆ ಬಂದಳು. ಅವ್ವನ ಕೈ ನಿಂತಿತು.

"ಇದು ಆಕಿದಲ್ಲ."

"ಅಲ್ಲಬೇ. ಇದು ನಂದು."

ಅವ್ವ ಒಲೆಯೊಳಗಿನ ಕಟ್ಟಿಗೆ ಮುಂದೆ ನೂಕಿದಳು. ಮುಖ ಆ ಕಡೆ ಇತ್ತು. ದಾನೇಶ್ವರಿಗೆ ಪುಸ್ತಕ ಮುಚ್ಚಿಬಿಡೋಣ ಎನಿಸಿತು. ಅಷ್ಟರಲ್ಲಿ ಅವ್ವ ಕೇಳಿದಳು.

"ಏನೈತಿ ಅದರಾಗ?"

ಇಷ್ಟು ವರ್ಷ ಇಬ್ಬರು ಹೆಣ್ಣುಮಕ್ಕಳು ಆ ಒಲೆಯ ಮುಂದೆ ಇಂಗ್ಲಿಷ್ ಓದಿದ್ದರು. ಅವ್ವ ಒಮ್ಮೆಯೂ ಆ ಮಾತು ಕೇಳಿರಲಿಲ್ಲ. ದಾನೇಶ್ವರಿ ಹೇಳಿದಳು. ಹಿಮದ ಊರು, ಅಂಚೆಯವನು, ಬಾಗಿಲು, ಒಳಗಿನ ಹೆಂಗಸು.

"ಪತ್ರ ತಂದಿದ್ದಿಲ್ಲೇನು?"

"ಇಲ್ಲಬೇ. ಥಂಡಿ ಆಗಿತ್ತು, ಕೂಡಾಕ ಬಂದಿದ್ದ."

"ಆಕಿ ಚಾ ಮಾಡಿಕೊಟ್ಲೇನು?"

"ನಾಳೆ ಓದಿದ ಮ್ಯಾಲ ಗೊತ್ತಾಕ್ಕೈತಿ."

"ಮಾಡಿಕೊಟ್ಟಿರ್ತಾಳ ತೊಗೊ" ಎಂದಳು ಅವ್ವ. ಹೊರಗೆ ಕಟ್ಟೆಗೆ ಹೋಗಬೇಕಿದ್ದ ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಅವನು ಕೇಳುತ್ತಿದ್ದನೋ ಏನೋ, ಹೋಗಿರಲಿಲ್ಲ.

ಅವ್ವ ಹಿಟ್ಟಿನ ಉಂಡೆ ತೆಗೆದು ಕಲ್ಲಿನ ಮೇಲಿಟ್ಟು ತಟ್ಟತೊಡಗಿದಳು. ತಲೆ ಎತ್ತದೆ, "ಇನ್ನ ಆಕೀದೂ ಒಂದು ಓದು" ಎಂದಳು.

ದಾನೇಶ್ವರಿ ಹಿಂದಿನ ಪುಟಗಳಿಗೆ ಹೋದಳು. ಟಾಕಿನಂಥ ಅಕ್ಷರಗಳು ಒಂದೇ ಅಂತರದಲ್ಲಿ ಓಡುತ್ತಿದ್ದವು. ಮೊದಲ ಸೊನ್ನೆ ಬಂತು. ಅದರ ಕೆಳಗಿನ ಪದ ಅವಳಿಗೆ ಈಗ ಬರುತ್ತಿತ್ತು. ಮಧ್ಯಾಹ್ನ ಸರ್ ಬಳಿ ಕೇಳಿ ತಿಳಿದುಕೊಂಡಿದ್ದಳು. ಪೆನ್ಸಿಲ್ ಪುಸ್ತಕದ ನಡುವೆಯೇ ಇತ್ತು, ಅಕ್ಕ ಇಟ್ಟಲ್ಲೇ. ತುಂಬಬಹುದಿತ್ತು. ಅವಳು ತುಂಬಲಿಲ್ಲ. ತರಗತಿಯಲ್ಲಿ ಆ ಪದ ಮತ್ತೆ ಬಂದರೆ ಇನ್ನು ಪೂರ್ತಿ ದನಿಯಲ್ಲಿ ಓದುತ್ತಾಳೆ.

ಇಲ್ಲಿ, ಒಲೆಯ ಮುಂದೆ, ದನಿ ತಗ್ಗಿಸಿದಳು. ರೊಟ್ಟಿಯ ಮೇಲೆ ಅವ್ವನ ಕೈ ಹಗುರಾಯಿತು.